ಕೆಳಗಿನ ಊರಿಗೆ ಯಾರು ಹೇಳಬೇಕು? ರೈನ್ ನದಿಯ ಒಂದು ರಾತ್ರಿ, ಕೋಲಾರದಲ್ಲಿ ಕೂತು ಓದಿದ್ದು

ಕೋಲಾರದ ಒಂದು ಕಾಲೇಜಿನಲ್ಲಿ ನಾನು ಭೂಗೋಳ ಪಾಠ ಮಾಡುತ್ತೇನೆ. ನದಿ ಕಣಿವೆಯ ಪಾಠ ಬಂದಾಗ ಮಕ್ಕಳ ಮುಖ ನೋಡಬೇಕು. ವರ್ಷವಿಡೀ ಹರಿಯುವ ಒಂದು ನದಿಯೂ ನಮ್ಮ ಜಿಲ್ಲೆಯಲ್ಲಿ ಇಲ್ಲ. ಪಾಲಾರ್ ಅಂದರೆ ಮರಳು, ಮರಳೂ ಈಗ ಇಲ್ಲ. ನೀರು ಅಂದರೆ ನಮಗೆ ಕೆರೆ, ಇಲ್ಲವೇ ಸಾವಿರ ಅಡಿ ಆಳದ ಬೋರ್‌ವೆಲ್. ಹಾಗಾಗಿ ಎರಡು ದೇಶ ಒಂದು ನದಿಯನ್ನು ಹಂಚಿಕೊಳ್ಳುವುದು ಹೇಗೆ ಅಂತ ಶುರು ಮಾಡಿದರೆ ಹಿಂದಿನ ಬೆಂಚು ಮೊದಲ ಐದು ನಿಮಿಷದಲ್ಲೇ ನಿದ್ದೆಗೆ ಜಾರುತ್ತಿತ್ತು.

2018ರ ನಂತರ ಅದು ಬದಲಾಯಿತು. ಆ ವರ್ಷ ಜೂನ್ ತಿಂಗಳಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ಪಂಪಿನಿಂದ ಎತ್ತಿ ನಮ್ಮ ಕೆರೆಗಳಿಗೆ ಬಿಡುವ ಯೋಜನೆ ಅದು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂಬ ಲೆಕ್ಕ. ಒಣಗಿದ ಕೆರೆಗೆ ನೀರು ಬಂದಿದ್ದನ್ನು ನೋಡಲು ಜನ ಗಾಡಿ ಮಾಡಿಕೊಂಡು ಹೋಗಿದ್ದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ನೀರಿನ ಮೇಲೆ ಬಿಳಿ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ಷರತ್ತಿನ ಮೇಲೆ ನೀರು ಮತ್ತೆ ಹರಿಯಿತು. ಆ ದಿನಗಳಲ್ಲಿ ಒಬ್ಬ ಹುಡುಗಿ ತರಗತಿಯಲ್ಲಿ ಎದ್ದು ನಿಂತು ಕೇಳಿದಳು: ‘ಸಾರ್, ಮೇಲ್ಗಡೆ ಏನಾದ್ರೂ ಕೆಟ್ಟ ನೀರು ಬಿಟ್ರೆ ನಮ್ಗೆ ಯಾರು ಬಂದು ಹೇಳ್ತಾರೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಕಚೇರಿಗೆ ಹೋಗಿ ಆ ತಿಂಗಳ ನೀರಿನ ಪರೀಕ್ಷೆಯ ವರದಿ ಕೇಳಿದೆ. ‘ಅರ್ಜಿ ಕೊಟ್ಟು ಹೋಗಿ ಮೇಷ್ಟ್ರೇ’ ಅಂದರು. ಕೊಟ್ಟು ಬಂದೆ. ಕಾಗದ ಬರುವಷ್ಟರಲ್ಲಿ ಆ ತಿಂಗಳ ನೀರು ಯಾವತ್ತೋ ಹೂಕೋಸಿನ ತೋಟ ಸೇರಿ, ಹೂಕೋಸು ಮಾರುಕಟ್ಟೆ ಸೇರಿ ಆಗಿತ್ತು.

ಅಂದಿನಿಂದ ಪ್ರತಿ ವರ್ಷ ನಾನು ಒಂದೇ ಪ್ರಕರಣ ಹೇಳುತ್ತೇನೆ. ಅದು ನಮ್ಮ ದೇಶದ್ದಲ್ಲ, ನಲವತ್ತು ವರ್ಷ ಹಳೆಯದು ಬೇರೆ. ಆದರೂ ಆ ಹುಡುಗಿಯ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಡುವ ಪ್ರಕರಣ ನನಗೆ ಇನ್ನೊಂದು ಸಿಕ್ಕಿಲ್ಲ.

ನದಿ ಎಂಥದ್ದು

ರೈನ್ ನದಿ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟಗಳಲ್ಲಿ ಹುಟ್ಟುತ್ತದೆ. ಲಿಕ್ಟನ್‌ಸ್ಟೈನ್, ಆಸ್ಟ್ರಿಯಾ, ಜರ್ಮನಿ, ಫ್ರಾನ್ಸ್ ದಾಟಿ ನೆದರ್‌ಲೆಂಡ್ಸ್‌ನಲ್ಲಿ ಸಮುದ್ರ ಸೇರುತ್ತದೆ. ಉಪನದಿಗಳನ್ನೂ ಸೇರಿಸಿದರೆ ಅದರ ಕಣಿವೆ ಒಂಬತ್ತು ದೇಶಗಳಿಗೆ ಸೇರಿದ್ದು. ದಡದ ಉದ್ದಕ್ಕೂ ದೊಡ್ಡ ದೊಡ್ಡ ರಾಸಾಯನಿಕ ಕಾರ್ಖಾನೆಗಳು. ಅದೇ ನೀರನ್ನು ಕೋಟಿಗಟ್ಟಲೆ ಜನ ಕುಡಿಯುವುದೂ ಹೌದು.

ಉದ್ದ ಸುಮಾರು 1,230 ಕಿಲೋಮೀಟರ್. ಇಲ್ಲಿ ಒಂದು ತಮಾಷೆ ಇದೆ. ಬಹಳ ವರ್ಷ ಪುಸ್ತಕಗಳಲ್ಲಿ ಈ ಉದ್ದ 1,320 ಅಂತ ಅಚ್ಚಾಗುತ್ತಿತ್ತು. ಎಲ್ಲೋ ಒಂದು ಕಡೆ ಯಾರೋ 2 ಮತ್ತು 3ನ್ನು ಅದಲು ಬದಲು ಬರೆದಿದ್ದರು, ಉಳಿದವರು ಅದನ್ನೇ ನಕಲು ಮಾಡಿದರು. 2010ರಲ್ಲಿ ಜರ್ಮನಿಯ ಒಬ್ಬ ವಿಜ್ಞಾನಿ ಹಳೆಯ ಪುಸ್ತಕಗಳನ್ನು ತೆಗೆದು ನೋಡಿದ ಮೇಲೆ ತಪ್ಪು ಬಯಲಾಯಿತು. ಅಷ್ಟು ಅಚ್ಚುಕಟ್ಟಿನ ದೇಶದಲ್ಲೇ ಹೀಗೆ. ಯಾರಾದರೂ ‘ನಮ್ಮ ಅಂಕಿ ಪಕ್ಕಾ’ ಅಂತ ಮೇಜು ಕುಟ್ಟಿದಾಗ ನನಗೆ ಇದು ನೆನಪಾಗುತ್ತದೆ.

ಕೆಳಗಿನ ದೇಶಕ್ಕೆ ಯಾವಾಗಲೂ ಕಷ್ಟ ಜಾಸ್ತಿ. ನೆದರ್‌ಲೆಂಡ್ಸ್ ಎಲ್ಲರಿಗಿಂತ ಕೆಳಗಿದೆ. ಮೇಲಿನವರು ಬಿಟ್ಟಿದ್ದೆಲ್ಲ ಅದರ ಬಾಗಿಲಿಗೆ ಬರುತ್ತದೆ. ಎರಡನೇ ಮಹಾಯುದ್ಧ ಮುಗಿದು ಐದು ವರ್ಷಕ್ಕೆ, 1950ರಲ್ಲಿ, ನೆದರ್‌ಲೆಂಡ್ಸ್ ಮುಂದೆ ನಿಂತು ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್‌ಗಳನ್ನು ಸೇರಿಸಿ ರೈನ್ ರಕ್ಷಣೆಗೆ ಒಂದು ಅಂತರರಾಷ್ಟ್ರೀಯ ಆಯೋಗ ಮಾಡಿತು. 1963ರಲ್ಲಿ ಬರ್ನ್ ನಗರದಲ್ಲಿ ಅದಕ್ಕೆ ಒಪ್ಪಂದದ ರೂಪ ಬಂತು. ಈಗ ಅದರ ಕಚೇರಿ ಜರ್ಮನಿಯ ಕೊಬ್ಲೆಂಜ್‌ನಲ್ಲಿದೆ.

ಆ ಆಯೋಗಕ್ಕೆ ದಂಡ ಹಾಕುವ ಅಧಿಕಾರ ಇರಲಿಲ್ಲ. ಕಾರ್ಖಾನೆ ಮುಚ್ಚಿಸುವ ಅಧಿಕಾರವೂ ಇರಲಿಲ್ಲ. ಮೊದಲ ವರ್ಷಗಳಲ್ಲಿ ಅವರು ಮಾಡಿದ್ದು ನೀರು ಅಳೆಯುವ ಕೆಲಸ. ಎಲ್ಲಿ ಅಳೆಯಬೇಕು, ಯಾವ ರೀತಿ ಅಳೆಯಬೇಕು ಅಂತ ಎಲ್ಲ ದೇಶಗಳೂ ಕೂತು ಒಂದು ಮಾತಿಗೆ ಬಂದವು. ಅದನ್ನು ಓದಿದಾಗ ಮೊದಲು ನನಗೆ ‘ಇಷ್ಟೇನಾ’ ಅನ್ನಿಸಿತ್ತು. ಆಮೇಲೆ ಅರ್ಥ ಆಯಿತು. ಒಬ್ಬನ ಸೇರು ಇನ್ನೊಬ್ಬನ ಸೇರಿಗೆ ಸಮ ಇಲ್ಲದಿದ್ದರೆ ಸಂತೆಯಲ್ಲಿ ಜಗಳ ಬಿಟ್ಟು ಬೇರೇನೂ ನಡೆಯುವುದಿಲ್ಲ.

ಅಳತೆ ಒಂದಾದ ಮಾತ್ರಕ್ಕೆ ನೀರು ಶುದ್ಧ ಆಗಲಿಲ್ಲ. ಫ್ರಾನ್ಸಿನ ಅಲ್ಸಾಸ್ ಕಡೆಯ ಪೊಟ್ಯಾಷ್ ಗಣಿಗಳು ಲೋಡುಗಟ್ಟಲೆ ಉಪ್ಪನ್ನು ನದಿಗೆ ಬಿಡುತ್ತಿದ್ದವು. ಕೆಳಗೆ ನೆದರ್‌ಲೆಂಡ್ಸ್‌ನ ಸಸಿ ಬೆಳೆಗಾರರು ಗಣಿಯ ಮೇಲೆ ಕೋರ್ಟಿಗೆ ಹೋದರು. 1976ರಲ್ಲಿ ಯುರೋಪಿನ ನ್ಯಾಯಾಲಯ, ಹಾನಿ ಆದ ಕಡೆಯೂ ದಾವೆ ಹೂಡಬಹುದು ಅಂತ ಹೇಳಿತು. ಅದೇ ವರ್ಷ ಉಪ್ಪಿನ ಬಗ್ಗೆ ದೇಶಗಳ ನಡುವೆ ಒಪ್ಪಂದವೂ ಆಯಿತು. ಖರ್ಚಿನಲ್ಲಿ ಫ್ರಾನ್ಸಿಗೆ 30 ಪಾಲು, ಜರ್ಮನಿಗೆ 30, ಸ್ವಿಟ್ಜರ್ಲೆಂಡಿಗೆ 6. ಉಪ್ಪು ನೀರು ಕುಡಿಯುತ್ತಿದ್ದ ನೆದರ್‌ಲೆಂಡ್ಸ್‌ಗೇ 34! ತರಗತಿಯಲ್ಲಿ ಇದನ್ನು ಹೇಳಿದರೆ ಮಕ್ಕಳು ರೇಗುತ್ತಾರೆ. ‘ಇದ್ಯಾವ ನ್ಯಾಯ ಸಾರ್?’ ನ್ಯಾಯ ಅಲ್ಲ, ಚೌಕಾಶಿ. ಆ ಒಪ್ಪಂದ ಜಾರಿಗೆ ಬರಲು 1985ರ ತನಕ ಕಾಯಬೇಕಾಯಿತು. ಆದರೆ ಒಂದು ಗಮನಿಸಿ. ಒಂದು ಕಡೆ ಕೋರ್ಟಿನಲ್ಲಿ ಬೈದಾಡುತ್ತಿದ್ದಾಗಲೂ ಇನ್ನೊಂದು ಕಡೆ ನೀರು ಅಳೆಯುವವರ ಸಭೆ ನಿಂತಿರಲಿಲ್ಲ.

1986ರ ನವೆಂಬರ್ 1

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪಕ್ಕದಲ್ಲಿ ಶ್ವೈಟ್ಸರ್‌ಹಾಲೆ ಅಂತ ಒಂದು ಕೈಗಾರಿಕಾ ಪ್ರದೇಶ. ಅಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮು, ನಂಬರ್ 956. ಒಳಗೆ ಸುಮಾರು 1,350 ಟನ್ ರಾಸಾಯನಿಕ, ಅದರಲ್ಲಿ ಹೆಚ್ಚಿನದು ಕೀಟನಾಶಕ. ನಮ್ಮ ಟೊಮೆಟೊ ತೋಟದವರಿಗೆ ಅರ್ಥ ಆಗುವಂತೆ ಹೇಳಬೇಕೆಂದರೆ, ಬಾಟಲಿಯ ಮೇಲೆ ಕೆಂಪು ತ್ರಿಕೋನ ಇರುವ ಜಾತಿಯ ಔಷಧಿಗಳು.

ಮಧ್ಯರಾತ್ರಿ ಹನ್ನೆರಡು ದಾಟಿದ ಸ್ವಲ್ಪ ಹೊತ್ತಿಗೆ ಬೆಂಕಿ ಕಾಣಿಸಿತು. ಬಣ್ಣದ ಪುಡಿಯ ಮೂಟೆಗಳಿಗೆ ಪ್ಲಾಸ್ಟಿಕ್ ಹೊದಿಸಿ, ಅದು ಬಿಗಿಯಾಗಲಿ ಅಂತ ಬೆಂಕಿಯ ಜ್ವಾಲೆ ಹಿಡಿದಿದ್ದರಿಂದ ಒಳಗೊಳಗೇ ಹೊತ್ತಿರಬಹುದು ಅಂತ ತನಿಖೆಯವರು ಊಹಿಸಿದರು. ಪಕ್ಕಾ ಸಾಬೀತಾಗಲಿಲ್ಲ. ಅಗ್ನಿಶಾಮಕದವರು ನಸುಕಿನ ತನಕ ನೀರು ಹೊಡೆದರು. ಡ್ರಮ್ಮುಗಳು ಸಿಡಿದು ಆಕಾಶಕ್ಕೆ ಹಾರುತ್ತಿದ್ದವು. ಊರಿನ ತುಂಬ ಕೊಳೆತ ಮೊಟ್ಟೆಯಂಥ ವಾಸನೆ. ಸೈರನ್ ಕೂಗಿ ಜನರನ್ನು ಎಬ್ಬಿಸಿ, ಕಿಟಕಿ ಬಾಗಿಲು ಹಾಕಿಕೊಂಡು ಒಳಗೇ ಇರಿ ಅಂದರು. ಬೆಳಿಗ್ಗೆ ಏಳರ ಹೊತ್ತಿಗೆ ಅಪಾಯ ಕಳೆಯಿತು ಅಂತ ಸಾರಿದರು. ಆ ರಾತ್ರಿ ಒಬ್ಬರೂ ಸಾಯಲಿಲ್ಲ.

ಬೆಂಕಿ ಆರಿತು. ಆದರೆ ಆರಿಸಲು ಹೊಡೆದ ನೀರು ಎಲ್ಲಿ ಹೋಯಿತು? ಹತ್ತರಿಂದ ಹದಿನೈದು ಸಾವಿರ ಘನ ಮೀಟರ್ ನೀರು. ಅದನ್ನು ಹಿಡಿದಿಡಲು ಗೋದಾಮಿನ ಸುತ್ತ ತೊಟ್ಟಿ ಇರಲಿಲ್ಲ. ನೀರು ಚರಂಡಿ ಹಿಡಿದು ನೇರವಾಗಿ ರೈನ್ ಸೇರಿತು. ಜೊತೆಗೆ ಸುಮಾರು ಮೂವತ್ತು ಟನ್ ವಿಷ. ಗೋದಾಮಿನಲ್ಲಿದ್ದ ಒಂದು ಬಣ್ಣವೂ ಕರಗಿ, ಬೆಳಕು ಹರಿದಾಗ ನದಿ ಕೆಂಪಾಗಿತ್ತು. ನಿಜ ಹೇಳಬೇಕೆಂದರೆ ಆ ಕೆಂಪೇ ಒಂದು ಉಪಕಾರ ಮಾಡಿತು. ಬಣ್ಣ ಇಲ್ಲದೆ ಬರೀ ಕೀಟನಾಶಕ ಹರಿದಿದ್ದರೆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಕೆಳಗೆ ಸುಮಾರು ನಾನೂರು ಕಿಲೋಮೀಟರ್ ದೂರದ ತನಕ ಹಾವುಮೀನುಗಳು ಸತ್ತು ತೇಲಿದವು. ಲೆಕ್ಕಕ್ಕೆ ಸಿಕ್ಕಿದ್ದೇ ಒಂದೂವರೆ ಲಕ್ಷ. ಮೀನುಗಳಿಗೆ ಆಹಾರವಾದ ಹುಳು, ಹುಪ್ಪಟೆಗಳೂ ಸತ್ತವು. ದಡದ ನೀರು ಸರಬರಾಜು ಕೇಂದ್ರಗಳು ಒಂದೊಂದಾಗಿ ಪಂಪ್ ನಿಲ್ಲಿಸಿದವು. ಜರ್ಮನಿಯ ಕೆಲವು ಊರುಗಳಿಗೆ ಟ್ಯಾಂಕರಿನಲ್ಲಿ ನೀರು ಹೋಯಿತು. ಟ್ಯಾಂಕರ್ ಅಂದ ಕೂಡಲೇ ನಮ್ಮ ಮಕ್ಕಳು ನಗುತ್ತಾರೆ. ಅಲ್ಲಿಯವರಿಗೆ ಅದು ದೊಡ್ಡ ಸುದ್ದಿ, ನಮಗೆ ಏಪ್ರಿಲ್ ತಿಂಗಳು.

ಸುದ್ದಿ ನಡೆದ ದಾರಿ

ಪ್ರಕರಣದ ತಿರುಳು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಿಷದ ನೀರು ಬಾಸೆಲ್‌ನಿಂದ ನೆದರ್‌ಲೆಂಡ್ಸ್ ಗಡಿ ತಲುಪಲು ಒಂದು ವಾರ ಬೇಕಾಯಿತು. ಫೋನಿನಲ್ಲಿ ಸುದ್ದಿ ತಲುಪಲು ಒಂದು ನಿಮಿಷ ಸಾಕಿತ್ತು. ಆದರೂ ಸುದ್ದಿ ತಡವಾಗಿ, ಅರೆಬರೆಯಾಗಿ ಹೋಯಿತು ಅಂತ ಕೆಳಗಿನ ದೇಶಗಳು ಸಿಟ್ಟಾದವು. ಎಚ್ಚರಿಕೆ ಕೊಡುವ ಒಂದು ಏರ್ಪಾಡು ಕಾಗದದ ಮೇಲೆ ಆಗಲೇ ಇತ್ತು. 1969ರಲ್ಲಿ ಎಂಡೋಸಲ್ಫಾನ್ ಸೇರಿ ರೈನ್‌ನಲ್ಲಿ ಭಾರಿ ಮೀನು ಸತ್ತ ಅನುಭವವೂ ಇತ್ತು. ಹಾಗಿದ್ದರೂ ಆ ರಾತ್ರಿ ಎಲ್ಲರ ಕಣ್ಣು ಹೊಗೆಯ ಮೇಲಿತ್ತು. ಹೊಗೆ ತಮ್ಮ ಊರಿನ ಕಡೆ ಬರುತ್ತದೆ. ನೀರು ಬೇರೆಯವರ ಊರಿನ ಕಡೆ ಹೋಗುತ್ತದೆ. ಯಾರನ್ನೂ ದುಷ್ಟರು ಅನ್ನಬೇಕಾಗಿಲ್ಲ, ಗಾಬರಿಯಲ್ಲಿ ಮನುಷ್ಯ ಮೊದಲು ನೋಡುವುದು ತನ್ನ ಮನೆಯನ್ನೇ.

ಇನ್ನೊಂದು ತೊಡಕು, ನದಿಗೆ ಏನು ಹೋಗಿದೆ ಅಂತ ಮೊದಲು ಖಚಿತವಾಗಿ ಹೇಳಲು ಆಗಲಿಲ್ಲ. ಗೋದಾಮಿನಲ್ಲಿ ಹತ್ತಾರು ಬಗೆಯ ಸರಕು. ಯಾವುದು ಸುಟ್ಟಿತು, ಯಾವುದು ಕರಗಿತು? ‘ಪೂರ್ತಿ ಗೊತ್ತಾದ ಮೇಲೆ ಹೇಳೋಣ’ ಅನ್ನುವುದು ಅಧಿಕಾರಿಯ ಸಹಜ ಬುದ್ಧಿ. ತಪ್ಪು ಹೇಳಿ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಸುಮ್ನೆ ಇರುವುದು ಒಳ್ಳೆಯದು ಅಂತ. ಕೆಳಗಿನ ಪಂಪಿನವನಿಗೆ ಬೇಕಾಗಿದ್ದು ಪೂರ್ತಿ ಪಟ್ಟಿ ಅಲ್ಲವೇ ಅಲ್ಲ. ‘ಏನೋ ಬರುತ್ತಿದೆ, ನಾಳೆ ಮಧ್ಯಾಹ್ನ ನಿಮ್ಮ ಹತ್ತಿರ ಬರಬಹುದು, ಪಂಪ್ ನಿಲ್ಲಿಸಿ’ ಅಂದಿದ್ದರೆ ಆತನ ಕೆಲಸ ಆಗುತ್ತಿತ್ತು.

ನಮ್ಮ ಊರಿನಲ್ಲಿ ಒಬ್ಬ ನೀರುಗಂಟಿ ತಾತ ಇದ್ದಾರೆ. ಕೆರೆಯ ತೂಬು ಎತ್ತುವ, ಗದ್ದೆಗೆ ಸರದಿಯಂತೆ ನೀರು ಬಿಡುವ ಮನೆತನ ಅವರದ್ದು. ಈ ಕತೆಯನ್ನು ಅವರಿಗೂ ಹೇಳಿದ್ದೆ. ಬೀಡಿ ಆರಿಸಿ ಕೇಳಿದರು. ‘ಮೇಲಿನ ಕೆರೆ ಕೋಡಿ ಬಿದ್ರೆ ರಾತ್ರಿ ಆಗ್ಲಿ, ಹಗಲಾಗ್ಲಿ, ಕೆಳಗಿನ ಊರಿಗೆ ಒಬ್ಬ ಓಡ್ತಿದ್ದ ಮೇಷ್ಟ್ರೇ. ಎಷ್ಟು ಅಡಿ ನೀರು ಅಂತ ಅಳೆದು ಓಡ್ತಿರ್ಲಿಲ್ಲ. ಕೋಡಿ ಬಿತ್ತು, ಅಷ್ಟೇ ಮಾತು.’ ನಮ್ಮ ಕಡೆ ಕೆರೆಗಳು ಸಾಲಾಗಿ, ಒಂದರ ಕೋಡಿ ಇನ್ನೊಂದಕ್ಕೆ ಇಳಿಯುವಂತೆ ಇವೆ. ಮೇಲಿನದು ಒಡೆದರೆ ಕೆಳಗಿನದೂ ಉಳಿಯುವುದಿಲ್ಲ. ಹಳೆಯ ಕಾಲ ಬಂಗಾರ ಅಂತ ನಾನು ಹೇಳುವುದಿಲ್ಲ. ಕೋಡಿಗೆ ಕಲ್ಲು ಇಟ್ಟು ನೀರು ತಡೆದಿದ್ದಕ್ಕೆ ತಲೆ ಒಡೆದ ಕತೆಗಳೂ ಅದೇ ತಾತನ ಹತ್ತಿರ ಇವೆ. ಆದರೆ ನೀರಿನ ಪಾಲಿಗೆ ಹೊಡೆದಾಡಿದವರೇ ಕೋಡಿಯ ಸುದ್ದಿ ಹೇಳಲು ಓಡಿದರು ಅನ್ನುವುದು ನನಗೆ ಮುಖ್ಯ.

ಆಮೇಲೆ ಏನಾಯಿತು

ಅದೇ ವರ್ಷ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಅಣು ದುರಂತ ಆಗಿತ್ತು. ಯುರೋಪಿನ ಜನ ಮೊದಲೇ ಹೆದರಿದ್ದರು. ಬಾಸೆಲ್ ಬೀದಿಗಳಲ್ಲಿ ಮೆರವಣಿಗೆ ನಡೆದವು. ಎರಡು ವಾರ ಆಗುವ ಮೊದಲೇ ದಡದ ದೇಶಗಳ ಮಂತ್ರಿಗಳು ಸೇರಿದರು, ಡಿಸೆಂಬರ್‌ನಲ್ಲಿ ಮತ್ತೆ ಸೇರಿದರು. 1987ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ರೈನ್ ಕಾರ್ಯಯೋಜನೆಗೆ ಒಪ್ಪಿದರು.

ಆ ಯೋಜನೆಯ ಗುರಿಯನ್ನು ಯಾರು ಬರೆದರೋ, ಅವರಿಗೆ ಜನರ ನಾಡಿ ಗೊತ್ತಿತ್ತು. ಇಂತಿಷ್ಟು ಮಿಲಿಗ್ರಾಂ ಅಂತ ಶುರು ಮಾಡಲಿಲ್ಲ. ‘2000ನೇ ಇಸವಿಗೆ ಸಾಲ್ಮನ್ ಮೀನು ರೈನ್‌ಗೆ ವಾಪಸ್ ಬರಬೇಕು’ ಅಂದರು. ಸಮುದ್ರದಿಂದ ಸಿಹಿನೀರಿಗೆ ಏರಿ ಮೊಟ್ಟೆ ಇಡುವ ಆ ಮೀನು 1950ರ ದಶಕದ ಹೊತ್ತಿಗೆ ರೈನ್‌ನಿಂದ ಕಾಣೆಯಾಗಿತ್ತು. ಮೀನು ವಾಪಸ್ ಬಂತಾ ಇಲ್ಲವಾ ಅನ್ನುವುದು ಎಲ್ಲರಿಗೂ ಅರ್ಥ ಆಗುವ ಅಳತೆ. ಜೊತೆಗೆ 1985ರಿಂದ 1995ರ ಒಳಗೆ ಮುಖ್ಯ ವಿಷವಸ್ತುಗಳನ್ನು ಅರ್ಧಕ್ಕೆ ಇಳಿಸಬೇಕು ಅಂತಲೂ ಬರೆದರು. ಹಲವು ವಸ್ತುಗಳಲ್ಲಿ ಅರ್ಧಕ್ಕಿಂತ ಜಾಸ್ತಿಯೇ ಇಳಿಯಿತು. ಕಾರ್ಖಾನೆಗಳು ಬೆಂಕಿ ಆರಿಸಿದ ನೀರನ್ನು ಹಿಡಿಯುವ ತೊಟ್ಟಿ ಕಟ್ಟಿದವು. 1990ರಲ್ಲಿ ಜೀಗ್ ಅನ್ನುವ ಉಪನದಿಯಲ್ಲಿ ಸಾಲ್ಮನ್ ಮತ್ತೆ ಸಿಕ್ಕಿತು.

ನನಗೆ ಮೀನಿಗಿಂತ ಹೆಚ್ಚು ಇಷ್ಟವಾದದ್ದು ಎಚ್ಚರಿಕೆ ಯೋಜನೆ. ಬಾಸೆಲ್‌ನಿಂದ ಸಮುದ್ರದ ತನಕ ಮುಖ್ಯ ಎಚ್ಚರಿಕೆ ಕೇಂದ್ರಗಳಿವೆ. ಮೇಲೆ ಏನಾದರೂ ಆದರೆ ಆ ಕೇಂದ್ರ ಕೆಳಗಿನ ಎಲ್ಲ ಕೇಂದ್ರಗಳಿಗೂ, ಕೊಬ್ಲೆಂಜ್ ಕಚೇರಿಗೂ ತಿಳಿಸಬೇಕು. ಸಂದೇಶದಲ್ಲಿ ಮೂರು ಬಗೆ. ಒಂದು ಎಚ್ಚರಿಕೆ, ಅಂದರೆ ಕುಡಿಯುವ ನೀರಿಗೋ ಮೀನಿಗೋ ಅಪಾಯ ಇದೆ. ಇನ್ನೊಂದು ಬರೀ ಮಾಹಿತಿ: ಹೆದರಬೇಡಿ, ಆದರೆ ಪೇಪರ್‌ನಲ್ಲಿ ಓದಿ ಗಾಬರಿಯಾಗುವ ಮೊದಲು ತಿಳಿದಿರಲಿ ಅನ್ನುವಂಥದ್ದು. ಮೂರನೆಯದು ನನಗೆ ಅಚ್ಚರಿ ತಂದದ್ದು, ಹುಡುಕಾಟದ ಸಂದೇಶ. ನೀರಿನಲ್ಲಿ ಏನೋ ಸಿಕ್ಕಿದೆ, ಎಲ್ಲಿಂದ ಬಂತೋ ಗೊತ್ತಿಲ್ಲ, ಮೇಲಿನವರು ನಿಮ್ಮ ಕಡೆ ನೋಡಿ ಅಂತ ಕೆಳಗಿನವರು ಕಳಿಸುವುದು. ಅಂದರೆ ಸುದ್ದಿ ಮೇಲಕ್ಕೂ ಹತ್ತುತ್ತದೆ. ಅದರಲ್ಲಿ ಬೈಗುಳ ಇರುವುದಿಲ್ಲ.

ಇದಕ್ಕೆ ಜೊತೆಯಾಗಿ ಒಂದು ಲೆಕ್ಕದ ಮಾದರಿ ಮಾಡಿದರು. ನದಿಗೆ ಬಣ್ಣ ಬಿಟ್ಟು, ಅದು ಯಾವ ಊರಿಗೆ ಎಷ್ಟು ಗಂಟೆಗೆ ತಲುಪುತ್ತದೆ ಅಂತ ಅಳೆದು, ಅದರಿಂದ ಕಟ್ಟಿದ್ದು. ಇಂಥ ಕಡೆ ಇಷ್ಟು ಹೊತ್ತಿಗೆ ವಿಷ ಬಿತ್ತು ಅಂದರೆ, ಇನ್ನೊಂದು ಊರಿಗೆ ಯಾವಾಗ, ಎಷ್ಟು ಸಾಂದ್ರತೆಯಲ್ಲಿ ಬರುತ್ತದೆ ಅಂತ ಅದು ಹೇಳುತ್ತದೆ. ಇದಕ್ಕೆ ಎಲ್ಲ ದೇಶಗಳೂ ತಮ್ಮ ನದಿಯ ಅಗಲ, ಆಳ, ಹರಿವಿನ ಅಂಕಿ ಕೊಡಬೇಕಾಯಿತು. ಅಂಕಿ ಕೊಟ್ಟವನಿಗೆ ಬೇಕಾದಾಗ ಉತ್ತರ ಸಿಗುತ್ತದೆ. ಕೊಡುವುದರಿಂದ ತನಗೇ ಲಾಭ ಅಂತ ಕಂಡ ಮೇಲೆ ಯಾರನ್ನೂ ಗೋಗರೆಯಬೇಕಾಗಲಿಲ್ಲ.

ಬಾಸೆಲ್‌ನ ಸ್ವಲ್ಪ ಕೆಳಗೆ, ವೈಲ್ ಆಮ್ ರೈನ್ ಎಂಬಲ್ಲಿ 1993ರಲ್ಲಿ ನೀರು ಪರೀಕ್ಷಾ ಕೇಂದ್ರ ಶುರುವಾಯಿತು. ಜಾಗ ಜರ್ಮನಿಯದ್ದು. ನಡೆಸುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರಯೋಗಾಲಯ. ಖರ್ಚು ಎರಡೂ ಕಡೆಯವರದ್ದು. ಆಚೆ ತುದಿಯಲ್ಲಿ, ಜರ್ಮನಿ–ನೆದರ್‌ಲೆಂಡ್ಸ್ ಗಡಿಯ ಬಿಮ್ಮೆನ್–ಲೋಬಿತ್‌ನಲ್ಲೂ ಎರಡು ದೇಶ ಸೇರಿ ಅಳೆಯುತ್ತವೆ. ಒಂದೇ ನೀರು, ಒಂದೇ ಅಂಕಿ. ‘ನಿಮ್ಮ ಲ್ಯಾಬ್ ಸುಳ್ಳು, ನಮ್ಮ ಲ್ಯಾಬ್ ನಿಜ’ ಅನ್ನಲು ಜಾಗವೇ ಇಲ್ಲ.

ಈಗ ಸ್ವಲ್ಪ ತಣ್ಣೀರು ಎರಚಬೇಕು. ಒಂದು ಬೆಂಕಿಯಿಂದ ಎಲ್ಲ ಸರಿಹೋಯಿತು ಅಂತ ಬರೆಯುವವರು ಇದ್ದಾರೆ. ಅದು ಪೂರ್ತಿ ನಿಜ ಅಲ್ಲ. 1970ರ ದಶಕದಿಂದಲೇ ದಡದ ಊರುಗಳು ಭಾರಿ ದುಡ್ಡು ಹಾಕಿ ಕೊಳಚೆ ಶುದ್ಧೀಕರಣ ಘಟಕ ಕಟ್ಟುತ್ತಿದ್ದವು. ಬೆಂಕಿ ಆದಾಗ ನದಿ ಆಗಲೇ ಚೇತರಿಸಿಕೊಳ್ಳುತ್ತಿತ್ತು. ಮೂವತ್ತಾರು ವರ್ಷದಿಂದ ಒಟ್ಟಿಗೆ ಅಳೆದು ಅಭ್ಯಾಸ ಇದ್ದವರು ಇರದಿದ್ದರೆ, ಮಂತ್ರಿಗಳ ಸಭೆಯೂ ಒಂದು ಫೋಟೋದಲ್ಲಿ ಮುಗಿಯುತ್ತಿತ್ತು ಅನ್ನುವುದು ನನ್ನ ಅನಿಸಿಕೆ. ಸಾಲ್ಮನ್ ಕೂಡ ಇನ್ನೂ ತನ್ನಷ್ಟಕ್ಕೆ ತಾನು ಬಾಸೆಲ್ ತನಕ ಏರಿ ನೆಲೆ ನಿಂತಿಲ್ಲ. ದಾರಿಯಲ್ಲಿ ಅಣೆಕಟ್ಟುಗಳಿವೆ, ಮೀನಿಗೆ ಏಣಿ ಕಟ್ಟುವ ಕೆಲಸ ಎಳೆಯುತ್ತಲೇ ಇದೆ.

ಅದಕ್ಕಿಂತ ಕಹಿಯಾದದ್ದು 2021ರ ಜುಲೈ. ರೈನ್‌ನ ಉಪನದಿ ಆರ್‌ನಲ್ಲಿ ಒಂದೇ ರಾತ್ರಿ ಪ್ರವಾಹ ಬಂದು ಆ ಕಣಿವೆಯಲ್ಲಿ 130ಕ್ಕೂ ಹೆಚ್ಚು ಜನ ಸತ್ತರು. ಮಳೆಯ ಮುನ್ಸೂಚನೆ ಇತ್ತು, ಅಂಕಿಗಳೂ ಇದ್ದವು. ಅದು ಮನೆ ಬಾಗಿಲಿಗೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕೇಂದ್ರದಿಂದ ಕೇಂದ್ರಕ್ಕೆ ಅಂಕಿ ಹೋಗುವುದು ಒಂದು ಕೆಲಸ. ಅದು ಮನುಷ್ಯನ ಕಿವಿಗೆ ಬೀಳುವುದು ಇನ್ನೊಂದು ಕೆಲಸ.

ನಂದಿಯಿಂದ ಹೊಸೂರಿಗೆ

ಚಿಕ್ಕಬಳ್ಳಾಪುರದ ನಂದಿ ಬೆಟ್ಟದ ಸುತ್ತ ಹುಟ್ಟುವ ನದಿಗಳಲ್ಲಿ ಎರಡು ಪಿನಾಕಿನಿಗಳಿವೆ. ಉತ್ತರ ಪಿನಾಕಿನಿ ಆಂಧ್ರಕ್ಕೆ ಹೋಗುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆ ದಾಟಿ, ಹೊಸೂರಿನ ಹತ್ತಿರ ತಮಿಳುನಾಡಿಗೆ ಇಳಿಯುತ್ತದೆ. ಅಲ್ಲಿ ಅದರ ಹೆಸರು ತೆನ್‌ಪೆಣ್ಣೈ. ಬೆಳ್ಳಂದೂರು, ವರ್ತೂರು ಕೆರೆಗಳ ನೀರೂ ಅದನ್ನೇ ಸೇರುತ್ತದೆ. ಹೊಸೂರಿನ ಪಕ್ಕದ ಕೆಲವರಪಳ್ಳಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಎಷ್ಟೋ ಸಲ ನೊರೆಯ ಗುಡ್ಡೆ ಎದ್ದು ರಸ್ತೆಗೆ ಬರುತ್ತದೆ. ಅಲ್ಲಿಯ ರೈತರು ಮೇಲಕ್ಕೆ ಕೈ ತೋರಿಸುತ್ತಾರೆ. ಮೇಲೆ ಅಂದರೆ ನಾವು.

ಈ ನದಿಗೆ ಹಳೆಯ ಒಪ್ಪಂದವೂ ಇದೆ. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವೆ ಆದದ್ದು. ಪಟ್ಟಿಯಲ್ಲಿರುವ ಹದಿನೈದು ಮುಖ್ಯ ನದಿಗಳ ಮೇಲೆ ಹೊಸ ನೀರಾವರಿ ಜಲಾಶಯ ಕಟ್ಟಬೇಕಾದರೆ ಮೈಸೂರು ಪೂರ್ತಿ ಮಾಹಿತಿಯನ್ನು ಮದ್ರಾಸಿಗೆ ಕಳಿಸಿ, ಮೊದಲೇ ಒಪ್ಪಿಗೆ ಪಡೆಯಬೇಕು. ಒಂದು ರೀತಿಯಲ್ಲಿ ನಮ್ಮ ಸೀಮೆಯ ಮೊದಲ ಮಾಹಿತಿ ಹಂಚಿಕೆಯ ಕಾಗದ ಇದು. ಆದರೆ ಮಾಹಿತಿ ಮೇಲಿನಿಂದ ಕೆಳಗೆ ಮಾತ್ರ ಹೋಗಬೇಕು, ಹೋದದ್ದು ಬೇಡ ಅನ್ನಲು ಬಳಕೆಯಾಗಬಹುದು. ಹೇಳಿದವನಿಗೆ ಹೇಳಿದ್ದರಿಂದ ನಷ್ಟವೇ. ಅಂಥ ಕಡೆ ಯಾರು ತಾನೇ ಬಾಯಿ ಬಿಡುತ್ತಾರೆ?

ಬಂಗಾರಪೇಟೆ ತಾಲ್ಲೂಕಿನ ಯರಗೋಳಿನಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟಿನ ಕತೆ ಇದಕ್ಕೆ ಸಾಕ್ಷಿ. ಮಾರ್ಕಂಡೇಯ ದಕ್ಷಿಣ ಪಿನಾಕಿನಿಯ ಉಪನದಿ. ಅಣೆಕಟ್ಟು ಕೋಲಾರ, ಮಾಲೂರು, ಬಂಗಾರಪೇಟೆಯ ಕುಡಿಯುವ ನೀರಿಗೆ, ಅರ್ಧ ಟಿ.ಎಂ.ಸಿ.ಯಷ್ಟು. 2018ರಲ್ಲಿ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರ್ 14ರಂದು ಕೋರ್ಟ್ ಕೆಲಸ ನಿಲ್ಲಿಸಲು ಒಪ್ಪಲಿಲ್ಲ, ಬೇಕಿದ್ದರೆ ನ್ಯಾಯಮಂಡಳಿ ಕೇಳಿ ಅಂದಿತು. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮಾತುಕತೆಗೆ ಸಮಿತಿ ಮಾಡಿತು. ಕೋಲಾರದವನಾಗಿ ಯರಗೋಳಿನ ನೀರು ನಮಗೆ ಬೇಕು ಅಂತಲೇ ನಾನು ಹೇಳುತ್ತೇನೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಈ ಎಲ್ಲ ಕಾಗದಗಳಲ್ಲಿ ಓಡಾಡುವ ಅಂಕಿ ಒಂದೇ ಜಾತಿಯದ್ದು: ಎಷ್ಟು ನೀರು, ಯಾರದ್ದು. ನೀರಿನಲ್ಲಿ ಏನಿದೆ ಅನ್ನುವ ಅಂಕಿ ಬದಿಗೆ ಸರಿದುಬಿಡುತ್ತದೆ.

ಕಾನೂನು ಇಲ್ಲ ಅಂತಲೂ ಅಲ್ಲ. 1956ರ ನದಿ ಮಂಡಳಿ ಕಾಯ್ದೆ ಇದೆ. ಅದರ ಕೆಳಗೆ ಇವತ್ತಿನ ತನಕ ಒಂದು ಮಂಡಳಿಯೂ ಆಗಿಲ್ಲ. ಅದೇ ವರ್ಷದ ಅಂತರರಾಜ್ಯ ಜಲವಿವಾದ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ 9ಎ ಅಂತ ಒಂದು ಕಲಂ ಸೇರಿತು. ಪ್ರತಿ ನದಿ ಕಣಿವೆಗೂ ಮಾಹಿತಿಯ ಭಂಡಾರ ಇರಬೇಕು, ಕೇಳಿದಾಗ ರಾಜ್ಯಗಳು ಅಂಕಿ ಕೊಡಬೇಕು ಅಂತ. ಓದಲು ಚೆನ್ನಾಗಿದೆ.

ಹೊರದೇಶದ ಮಾತು ಬಂದಾಗ ನಾವೇ ಕೆಳಗಿನ ಊರು. ಬ್ರಹ್ಮಪುತ್ರದ ಮಳೆಗಾಲದ ಅಂಕಿ ಕೊಡಲು 2002ರಿಂದ ಚೀನಾ ಜೊತೆ ಒಪ್ಪಂದ ಇತ್ತು. 2017ರಲ್ಲಿ ಡೋಕ್ಲಾಂ ಗಡಿಯಲ್ಲಿ ಸೈನ್ಯ ಎದುರುಬದುರು ನಿಂತ ಆ ಮಳೆಗಾಲ ಅಂಕಿ ಬರಲಿಲ್ಲ. ಅಳತೆ ಕೇಂದ್ರದ ದುರಸ್ತಿ ನಡೆಯುತ್ತಿದೆ ಅಂತ ಅವರು ಕಾರಣ ಕೊಟ್ಟರು. ಆಗ ನಮಗೆ ಬಂದ ಸಿಟ್ಟನ್ನು ನೆನಪಿಟ್ಟುಕೊಂಡು ಹೊಸೂರಿನ ರೈತನ ಮುಖ ನೋಡಬೇಕು.

ಒಬ್ಬ ಸಹೋದ್ಯೋಗಿ ನನಗೆ ಸರಿಯಾಗಿ ಕೊಕ್ಕೆ ಹಾಕಿದ್ದರು. ‘ರೈನ್‌ನಲ್ಲಿ ನೀರು ಧಾರಾಳ. ಅವರ ಜಗಳ ಕೊಳೆಯದ್ದು, ನಮ್ಮದು ಪಾಲಿನದ್ದು. ಹೋಲಿಸಬೇಡಿ.’ ಮಾತು ನಿಜ. ಬರಗಾಲದಲ್ಲಿ ಕೆರೆಯಲ್ಲಿ ಎಷ್ಟು ನೀರಿದೆ ಅಂತ ಹೇಳುವುದೇ ಪಾಲು ಕೊಟ್ಟಂತೆ. ಅದನ್ನು ಇವತ್ತೇ ಬಿಚ್ಚಿಡಿ ಅಂದರೆ ಯಾರೂ ಒಪ್ಪುವುದಿಲ್ಲ. ಆದರೆ ನೊರೆಗೆ ಪಾಲು ಕೇಳುವವರು ಯಾರೂ ಇಲ್ಲವಲ್ಲ. ಕೊಳೆಯ ಸುದ್ದಿ ಹೇಳಿದರೆ ಒಂದು ಬಿಂದಿಗೆ ನೀರೂ ಕಳೆದುಕೊಳ್ಳಬೇಕಾಗಿಲ್ಲ. ಪಾಲಿನ ಜಗಳ ನ್ಯಾಯಮಂಡಳಿಯಲ್ಲಿ ಇಪ್ಪತ್ತು ವರ್ಷ ನಡೆಯಲಿ. ಅಲ್ಲಿಯ ತನಕ ಗಡಿಯಲ್ಲಿ ಒಂದು ಕಡೆ ಎರಡೂ ರಾಜ್ಯದವರು ಒಂದೇ ಬಾಟಲಿಯಲ್ಲಿ ನೀರು ತುಂಬಿ, ಒಂದೇ ಹಾಳೆಯಲ್ಲಿ ಬರೆದು, ಆ ಹಾಳೆಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಲು ಏನು ಅಡ್ಡಿ? ಈ ಹಾಳೆಯನ್ನು ಪಾಲಿನ ಮೊಕದ್ದಮೆಗೆ ಸಾಕ್ಷಿ ಮಾಡುವುದಿಲ್ಲ ಅಂತ ಮೊದಲೇ ಬರೆದುಕೊಂಡರೆ ಅಧಿಕಾರಿಗಳ ಕೈಯೂ ಸ್ವಲ್ಪ ಸಡಿಲ ಆಗುತ್ತದೆ.

ಕೆ.ಸಿ. ವ್ಯಾಲಿ ನೀರಿನದ್ದು ಇದರಲ್ಲೇ ಇನ್ನೊಂದು ಗಂಟು. ಸಹಜವಾಗಿ ಹೊಸೂರಿನ ಕಡೆ ಇಳಿಯಬೇಕಿದ್ದ ನೀರನ್ನು ಎತ್ತಿ ನಮಗೆ ಕೊಟ್ಟಿದ್ದಾರೆ. ಹಾಗಾಗಿ ಆ ನೀರಿಗೆ ಈಗ ಎರಡು ಕೆಳಗಿನ ಊರುಗಳು. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಕೇಳುತ್ತಲೇ ಇದ್ದಾರೆ. ನನ್ನದು ಅದಕ್ಕಿಂತ ಸಣ್ಣ ಬೇಡಿಕೆ. ಬೆಂಗಳೂರಿನ ಘಟಕದಲ್ಲಿ ಒಂದು ದಿನ ಯಂತ್ರ ಕೆಟ್ಟರೆ ಆ ದಿನವೇ ಕೆರೆಯ ಪಕ್ಕದ ಊರಿಗೆ ಗೊತ್ತಾಗಬೇಕು. ದನಕ್ಕೆ ಆ ದಿನ ಆ ನೀರು ಕುಡಿಸುವುದು ಬೇಡ, ಸೊಪ್ಪಿನ ಮಡಿಗೆ ಬಿಡುವುದು ಬೇಡ. ಅಷ್ಟೇ.

ಕಳೆದ ಸಲ ಈ ಪಾಠ ಮುಗಿಸಿ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ರೈನ್‌ನವರ ಎಚ್ಚರಿಕೆ ಪತ್ರದಂತೆ ನಮ್ಮ ನದಿಗೂ ಒಂದು ಹಾಳೆ ಬರೆದು ತನ್ನಿ ಅಂದೆ. ಏನಾಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಬಣ್ಣ, ಯಾವ ವಾಸನೆ, ಕೆಳಗಿನ ಊರು ಯಾವುದು, ಅಲ್ಲಿ ಯಾರಿಗೆ ಹೇಳಬೇಕು, ಫೋನ್ ನಂಬರ್ ಏನು. ಮೊದಲಿನ ಸಾಲುಗಳನ್ನು ಎಲ್ಲರೂ ಚೆನ್ನಾಗಿ ತುಂಬಿದ್ದರು. ಒಬ್ಬ ನೊರೆಯ ಚಿತ್ರವನ್ನೂ ಬರೆದಿದ್ದ. ಕೊನೆಯ ಎರಡು ಸಾಲು ಹೆಚ್ಚಿನವರದ್ದು ಖಾಲಿ. ಕೆಲವರು 112 ಬರೆದಿದ್ದರು.

ಮಾಲೂರು ಕಡೆಯ ಒಬ್ಬ ಹುಡುಗಿ ಮಾತ್ರ ಅಲ್ಲಿ ಹತ್ತು ಅಂಕಿಯ ನಂಬರ್ ಬರೆದಿದ್ದಳು. ‘ಇದು ಯಾರಮ್ಮ?’ ಅಂತ ಕೇಳಿದೆ.

‘ನಮ್ಮ ಸೋದರಮಾವ ಸಾರ್. ಹೊಸೂರಿನಲ್ಲಿ ಗುಲಾಬಿ ತೋಟ ಮಾಡವ್ರೆ. ಹೊಳೆ ನೀರೇ ಬಿಡೋದು. ನಾನು ಹೇಳಿದ್ರೆ ಅವ್ರು ಮೋಟಾರ್ ಆಫ್ ಮಾಡ್ತಾರೆ.’